ರಾಯರ ಉಪವಾಸ: ಬೋಲ್ಡರ್ಸ್ ಬೀಚಿನಲ್ಲಿ ನನ್ನ ಶನಿವಾರಗಳು

ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಹಾಗಾಗಿ ಬೀಚಿನಲ್ಲಿ ಒಳ್ಳೆ ಫೋಟೊ ಬೇಕಾದರೆ ಸಂಜೆಯೇ ಹೋಗಬೇಕು ಅನ್ನೋದು ತಲೆಯಲ್ಲಿ ಕೂತುಬಿಟ್ಟಿತ್ತು. ಕೆಲಸದ ಮೇಲೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ಬಂದವನು, ಆಫ್ರಿಕನ್ ಪೆಂಗ್ವಿನ್ನುಗಳ ಫೋಟೊ ತೆಗೆಯಲು ಬೋಲ್ಡರ್ಸ್ ಬೀಚಿಗೆ ಮೊದಲ ಸಲ ಹೋಗಿದ್ದೂ ಸಂಜೆಯೇ. ದಡ್ಡತನ. ಆ ಬೀಚು ಸೈಮನ್ಸ್ ಟೌನಿನಲ್ಲಿ, ಫಾಲ್ಸ್ ಬೇ ಕಡೆ, ಪೂರ್ವಕ್ಕೆ ಮುಖ ಮಾಡಿಕೊಂಡಿದೆ. ಬೆನ್ನಿಗೆ ಬೆಟ್ಟ. ಅಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ, ಬೆಟ್ಟದ ಹಿಂದೆ ಮುಳುಗುತ್ತಾನೆ. ನಾನು ಕ್ಯಾಮೆರಾ ಹೊರಗೆ ತೆಗೆಯುವಷ್ಟರಲ್ಲಿ ಮರಳೆಲ್ಲ ನೆರಳು.

ಆಮೇಲೆ ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೇ ಹೋಗಲು ಶುರು ಮಾಡಿದೆ. ತೆಳ್ಳಗೆ ಮೋಡ ಇದ್ದರೆ ಇನ್ನೂ ಒಳ್ಳೆಯದು. ಪೆಂಗ್ವಿನ್ ಅಂದರೆ ಕಪ್ಪು ಕೋಟಿನ ಮೇಲೆ ಬಿಳಿ ಎದೆ. ಖಡಕ್ ಬಿಸಿಲಿನಲ್ಲಿ ಎದೆ ಸುಣ್ಣ ಬಳಿದ ಗೋಡೆಯ ಹಾಗೆ ಬರುತ್ತದೆ, ಬೆನ್ನು ಮಸಿಯ ಹಾಗೆ. ನಾನು ಬೆಳಕನ್ನು ಸ್ವಲ್ಪ ಕಡಿಮೆಗೇ ಇಟ್ಟು, ಎದೆಯ ಗರಿ ಒಂದೊಂದಾಗಿ ಕಂಡರೆ ಸಾಕು ಅಂದುಕೊಳ್ಳುತ್ತೇನೆ. ಕಪ್ಪನ್ನು ಆಮೇಲೆ ಮನೆಯಲ್ಲಿ ಎತ್ತಿಕೊಳ್ಳಬಹುದು. ಸುಟ್ಟುಹೋದ ಬಿಳಿ ಮಾತ್ರ ವಾಪಸ್ ಬರುವುದಿಲ್ಲ.

ಜಾಗದ ಬಗ್ಗೆ ಎರಡು ಮಾತು. ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳು ಗಾಳಿಗೂ ಅಲೆಗೂ ಅಡ್ಡ ನಿಂತಿವೆ. ಅದಕ್ಕೇ ಒಳಗೆ ನೀರು ಕೆರೆಯ ಹಾಗೆ. ಜನ ಈಜುವ ಬೀಚೇ ಬೇರೆ. ಪೆಂಗ್ವಿನ್ ಜಾಸ್ತಿ ಇರುವುದು ಪಕ್ಕದ ಫಾಕ್ಸಿ ಬೀಚಿನಲ್ಲಿ, ಅಲ್ಲಿ ಮರದ ಹಲಗೆಯ ದಾರಿ ಬಿಟ್ಟು ಕೆಳಗೆ ಕಾಲಿಡುವ ಹಾಗಿಲ್ಲ. ಇದೆಲ್ಲ ಟೇಬಲ್ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. 1982ರಲ್ಲಿ ಎರಡೇ ಜೋಡಿ ಬಂದು ಇಲ್ಲಿ ನೆಲೆ ಹೂಡಿದವಂತೆ. ಈಗ ಸಾವಿರಗಳ ಲೆಕ್ಕ.

ಹಲಗೆಯ ಮೇಲೆ ನಿಂತು ತೆಗೆದರೆ ಎಲ್ಲ ಹಕ್ಕಿಯೂ ಕುಳ್ಳಗೆ, ನೆತ್ತಿ ಮಾತ್ರ ಕಾಣುತ್ತದೆ. ನಾನು ಹಲಗೆ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಕಟಕಟೆಯ ಸಂದಿಯಿಂದ ಲೆನ್ಸ್ ಇಡುತ್ತೇನೆ. ಟೂರಿಸ್ಟ್ ಬಸ್ಸು ಬಂದ ಮೇಲೆ ಇದು ಆಗದ ಕೆಲಸ. ಯಾರಾದರೂ ಕಾಲು ತುಳಿದೇ ತುಳಿಯುತ್ತಾರೆ. ಒಂದು ಸಲ ಈಜುವ ಬೀಚಿನಲ್ಲಿ ಬ್ಯಾಗ್ ಕೆಳಗಿಟ್ಟಿದ್ದೆ. ಒಂದು ಹಕ್ಕಿ ಬಂದು ಬ್ಯಾಗಿನ ಪಟ್ಟಿ ಎಳೆಯಿತು. ಬಿಡಿಸಲು ಕೈ ಹಾಕಿದೆ, ಹೆಬ್ಬೆರಳಿಗೆ ಕುಕ್ಕಿತು. ಕೊಕ್ಕು ಬ್ಲೇಡಿನ ಹಾಗಿದೆ. ತಪ್ಪು ನನ್ನದೇ ಬಿಡಿ, ದೂರ ಇರಿ ಅಂತ ಬೋರ್ಡೇ ಹಾಕಿದ್ದಾರೆ.

ರಾಯರು ಸಿಕ್ಕಿದ್ದು 2024ರ ನವೆಂಬರಿನಲ್ಲಿ. ಈ ಪೆಂಗ್ವಿನ್ನುಗಳ ಎದೆ ಮೇಲೆ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಇರುತ್ತವೆ. ಒಂದರ ಹಾಗೆ ಇನ್ನೊಂದರದ್ದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಕೇಪ್‌ಟೌನಿನ ಹತ್ತಿರದ ರಾಬ್ಬೆನ್ ದ್ವೀಪದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಕ್ಯಾಮೆರಾ ಇಟ್ಟು, ಈ ಚುಕ್ಕೆಗಳಿಂದಲೇ ಹಕ್ಕಿಗಳನ್ನು ಕಂಪ್ಯೂಟರಿಗೆ ಗುರುತಿಸಲು ಕಲಿಸಿದ್ದರು. ನನ್ನದು ಬರೀ ಕಣ್ಣು, ಒಂದು ನೋಟ್‌ಬುಕ್. ಒಂದು ಹಕ್ಕಿಗೆ ಎಡಗಡೆ ಮೂರು ಚುಕ್ಕೆ ಸಾಲಾಗಿ, ಬಲಗಡೆ ಎರಡು ಒಂದರ ಮೇಲೊಂದು. ಗಂಡೋ ಹೆಣ್ಣೋ ನೋಡಿ ಹೇಳುವುದು ಕಷ್ಟ. ನಿಂತ ಗತ್ತು ನೋಡಿ ರಾಯರು ಅಂದೆ.

ಮೊದಲ ಶನಿವಾರ ರಾಯರು ಗುಂಡಗೆ, ಉಬ್ಬಿಕೊಂಡಿದ್ದರು. ಬೆನ್ನಿನ ಕಪ್ಪು ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಕಣ್ಣಿನ ಮೇಲೆ ಗುಲಾಬಿ ಬಣ್ಣದ ಬರಿ ಚರ್ಮ ಇರುತ್ತದಲ್ಲ, ಮೈ ಬಿಸಿಯಾದಾಗ ರಕ್ತ ಅಲ್ಲಿಗೆ ಹರಿದು ತಣ್ಣಗಾಗುತ್ತದೆ. ಅವತ್ತು ಸೆಖೆಗೆ ಅದು ಕೆಂಪೇ ಆಗಿತ್ತು.

ಎರಡನೇ ಶನಿವಾರ ಅವರು ಅದೇ ಬಂಡೆಯ ಬುಡದಲ್ಲಿ ನಿಂತಿದ್ದರು. ಗರಿ, ಕಿತ್ತುಹೋದ ಹಾಸಿಗೆಯ ಹತ್ತಿಯ ಹಾಗೆ, ಎದ್ದು ನಿಂತಿತ್ತು. ಎದೆಯ ಚುಕ್ಕೆಯೇ ಕಾಣುತ್ತಿಲ್ಲ. ಬಂಡೆಯ ಗುರುತಿನ ಮೇಲೆ ಇವರೇ ಅಂದುಕೊಂಡೆ, ಅಷ್ಟೆ. ಆಗ್ನೇಯದ ಗಾಳಿ ಬೀಸಿದಾಗಲೆಲ್ಲ ಉದುರಿದ ಗರಿ ಬಂದು ನನ್ನ ಲೆನ್ಸಿಗೆ ಅಂಟುತ್ತಿತ್ತು.

ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಹಿಂದೆ ಯಾವುದೋ ಹಕ್ಕಿ ಕೂಗಿತು. "ಅಲ್ಲಿ ಕತ್ತೆ ಸಾಕಿದ್ದಾರಾ ಮಗಾ?" ಅಂದಳು. ಇವುಗಳ ಕೂಗು ಕತ್ತೆಯದ್ದೇ, ಅದಕ್ಕೇ ಇಂಗ್ಲಿಷಿನಲ್ಲಿ ಜಾಕ್ಆಸ್ ಪೆಂಗ್ವಿನ್ ಅಂತ ಹೆಸರಿತ್ತು.

"ಗರಿ ಉದುರಿಸುವುದು ಕೋಳಿಯೂ ಮಾಡ್ತದೆ. ಅದಕ್ಕೆ ಇಷ್ಟು ಸಪ್ಪೆ ಮುಖ ಯಾಕೆ?"

"ಕೋಳಿ ಕಾಳು ತಿನ್ಕೊಂಡು ಉದುರಿಸ್ತದಮ್ಮಾ. ಇದು ಉಪವಾಸ."

ಹಳೆ ಗರಿ ಹೋಗಿ ಹೊಸತು ಬರುವ ತನಕ ಮೈಗೆ ನೀರು ತಾಗದ ಹಾಗೆ ತಡೆಯುವುದು ಏನೂ ಇಲ್ಲ. ಕಡಲಿಗೆ ಇಳಿಯುವ ಹಾಗಿಲ್ಲ, ಇಳಿಯದೆ ಮೀನಿಲ್ಲ. ಸುಮಾರು ಮೂರು ವಾರ ಹೀಗೇ ನಿಲ್ಲಬೇಕು. ಮೊದಲೇ ತಿಂದು ಕೂಡಿಟ್ಟ ಕೊಬ್ಬೇ ಗತಿ. ತಿನ್ನುವುದು ನಮ್ಮ ಬೂತಾಯಿಯ ಜಾತಿಯ ಮೀನು, ಮತ್ತೆ ಆಂಚೊವಿ. ಅವೆರಡೂ ಈ ಕಡಲಲ್ಲಿ ಕಮ್ಮಿಯಾಗಿವೆ. ಬಲೆಯ ಕಾಟವೂ ಹೌದು, ಮೀನೇ ಜಾಗ ಬದಲಿಸಿದ್ದೂ ಹೌದು. ಕೊಬ್ಬು ಸಾಲದೆ ಉಪವಾಸಕ್ಕೆ ನಿಂತ ಹಕ್ಕಿ ಉಳಿಯುವುದು ಕಷ್ಟ. ಹಿಂದಿನ ತಿಂಗಳು, ಅಕ್ಟೋಬರಿನಲ್ಲಷ್ಟೇ, ಅಳಿವಿನ ಅಂಚಿನ ಜೀವಿಗಳ ಪಟ್ಟಿ ಮಾಡುವ ಜಾಗತಿಕ ಸಂಸ್ಥೆ ಐಯುಸಿಎನ್‌ನವರು ಈ ಜಾತಿಯನ್ನು ತೀವ್ರ ಅಪಾಯದ ಪಟ್ಟಿಗೆ ಏರಿಸಿದ್ದರು. ಮರಿ ಮಾಡುವ ಜೋಡಿ ಹತ್ತು ಸಾವಿರಕ್ಕಿಂತ ಕಮ್ಮಿ.

ಅವತ್ತಿನಿಂದ ಅಮ್ಮನದ್ದು ದಿನಾ ಒಂದೇ ಪ್ರಶ್ನೆ. "ರಾಯರದ್ದು ಊಟ ಆಯ್ತಾ?" ನನ್ನ ಊಟ ಕೇಳುವುದು ಆಮೇಲೆ.

ಮೂರನೇ ಶನಿವಾರ ಮೈಯೆಲ್ಲ ಹೊಸ ಗರಿ, ಕುತ್ತಿಗೆಯಲ್ಲಿ ಮಾತ್ರ ಹಳೆಯದರ ಒಂದು ಗುಚ್ಛ, ಮಫ್ಲರ್ ಸುತ್ತಿದ ಹಾಗೆ. ಮೈ ಇಳಿದುಹೋಗಿತ್ತು. ಎದೆಯಲ್ಲಿ ಮತ್ತೆ ಚುಕ್ಕೆ. ಎಡಕ್ಕೆ ಮೂರು, ಬಲಕ್ಕೆ ಎರಡು. ನೋಟ್‌ಬುಕ್ ತೆಗೆದು ಎರಡೆರಡು ಸಲ ಹೋಲಿಸಿದೆ. ಗರಿ ಬದಲಾದರೂ ಚುಕ್ಕೆ ಅಲ್ಲಲ್ಲೇ ಬಂದು ಕೂರುತ್ತವೆ ಅಂತ ಓದಿದ್ದೆ. ಕಣ್ಣಾರೆ ಕಂಡಿದ್ದು ಅದೇ ಮೊದಲು.

ನಾಲ್ಕನೇ ಶನಿವಾರ ಬಂಡೆಯ ಬುಡ ಖಾಲಿ. ಒದ್ದೆ ಮರಳಿಗೆ ಅಂಟಿದ ಗರಿ ಅಷ್ಟೇ. ಬೇಕಾದ ಫೋಟೊ ಒಂದೂ ಸಿಗಲಿಲ್ಲ, ಸುಮ್ನೆ ಗುಂಪಿನ ನಾಲ್ಕಾರು ಚಿತ್ರ ತೆಗೆದು ಬಂದೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ನೀರಿನಿಂದ ಮೇಲೆ ಬರುತ್ತಿದ್ದ ಎಂಟು ಹಕ್ಕಿಗಳಲ್ಲಿ ಆರನೆಯದು. ಎಡಕ್ಕೆ ಮೂರು, ಬಲಕ್ಕೆ ಎರಡು, ಮೈಯೆಲ್ಲ ಹೊಳಪು. ಫೋಕಸ್ ಮಾತ್ರ ಪಕ್ಕದ ಹಕ್ಕಿಯ ಮೇಲೆ.

ಊರಿನಲ್ಲಿ ಆಗ ನಡುರಾತ್ರಿ ದಾಟಿತ್ತು. ಆದರೂ ಅಮ್ಮನಿಗೆ ಮೆಸೇಜ್ ಹಾಕಿದೆ: "ರಾಯರ ಊಟ ಆಯ್ತು."