ಮಳೆಗೆ ಮುಂಚಿನ ವಸೂಲಿ, ಪೈಸೆಯಲ್ಲಿ ಸದಸ್ಯ ಸಂಖ್ಯೆ: ಖಜಾಂಚಿಯಾಗಿ ನನ್ನ ಅನುಭವ

ಈ ಸಲದ ಮಹಾಸಭೆಯಲ್ಲಿ ಮಂಡಿಸಿದ ಬಾಕಿದಾರರ ಪಟ್ಟಿ ಅರ್ಧ ಪುಟವನ್ನೂ ತುಂಬಲಿಲ್ಲ. ಕೊಡಗಿನ ಐದೂ ತಾಲ್ಲೂಕುಗಳಲ್ಲಿ ಚದುರಿರುವ, ನೂರೈವತ್ತರ ಆಸುಪಾಸಿನ ಸದಸ್ಯರಿರುವ ನಮ್ಮ ಛಾಯಾಗ್ರಾಹಕರ ಸಂಘದಲ್ಲಿ ಹೀಗೆ ಹಿಂದೆಂದೂ ಆಗಿರಲಿಲ್ಲ. ವಾರ್ಷಿಕ ಶುಲ್ಕವನ್ನು 300ರಿಂದ 1,200 ರೂಪಾಯಿಗೆ ಏರಿಸೋಣ ಎಂದು ನಾನು ಪ್ರಸ್ತಾಪಿಸಿದ ದಿನ ಹಿರಿಯರೊಬ್ಬರು, "ಮುನ್ನೂರನ್ನೇ ಕೊಡದವರು ಸಾವಿರದ ಇನ್ನೂರು ಕೊಟ್ಟಾರೆಯೇ?" ಎಂದು ಕೇಳಿದ್ದರು. ಕೊಟ್ಟರು. ಬೇರೆ ಸಂಘಗಳ ಖಜಾಂಚಿಗಳು ಹೇಗೆಂದು ವಿಚಾರಿಸುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ನಮ್ಮಲ್ಲಿ ವಸೂಲಿ ನಡೆಯುತ್ತಿದ್ದುದು ಮಾರ್ಚ್ ಕೊನೆಗೆ. ಲೆಕ್ಕದ ವರ್ಷಕ್ಕೆ ಅದು ಸರಿ, ಛಾಯಾಗ್ರಾಹಕನ ಜೇಬಿಗೆ ಸರಿಯಲ್ಲ. ಕಾಫಿ ಕೊಯ್ಲು ಮುಗಿದು ತೋಟದವರ ಕೈಗೆ ಹಣ ಬಂದ ಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳ ಸಾಲು. ಜುಲೈ ನಡುವಿನಲ್ಲಿ ಮಳೆಯ ಕಕ್ಕಡ ಮಾಸ ಹೊಕ್ಕಿತೆಂದರೆ ಕ್ಯಾಮೆರಾ ಚೀಲದೊಳಗೇ. ಮಾರ್ಚ್‌ನಲ್ಲಿ ರಸೀದಿ ಪುಸ್ತಕ ಹಿಡಿದು ಹೋದರೆ "ಸೀಸನ್ ಕಳೆಯಲಿ" ಎನ್ನುತ್ತಿದ್ದರು, ಜುಲೈಯಲ್ಲಿ ಹೋದರೆ "ಮಳೆ, ಕೆಲಸವಿಲ್ಲ" ಎನ್ನುತ್ತಿದ್ದರು. ಎರಡೂ ನಿಜವೇ. ಅರುವತ್ತು ಮಂದಿ ಕಟ್ಟಿದರೆ ಅದೇ ಹೆಚ್ಚು. ಹದಿನೆಂಟು ಸಾವಿರದಲ್ಲಿ ಲೆಕ್ಕ ಪರಿಶೋಧಕರ ಶುಲ್ಕ, ಮಹಾಸಭೆಯ ಊಟ, ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನ ಎಲ್ಲವೂ ಆಗಬೇಕಿತ್ತು.

ಕೊರತೆ ತುಂಬಲು ಒಂದು ವರ್ಷ ಸ್ಮರಣ ಸಂಚಿಕೆ ತಂದೆವು. ಮುದ್ರಣಕ್ಕೆ ಅರುವತ್ತು ಸಾವಿರದಷ್ಟಾಯಿತು. ಜಾಹೀರಾತು ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಸಂಚಿಕೆ ಪಡೆದುಕೊಂಡರೇ ಹೊರತು ಹಣ ಕೊಡಲಿಲ್ಲ. ಇನ್ನೊಂದು ವರ್ಷ ಡ್ರೋನ್ ಕೊಂಡು ಸದಸ್ಯರಿಗೆ ಬಾಡಿಗೆಗೆ ಬಿಟ್ಟೆವು. ಮೂರನೆಯ ಮದುವೆಯಲ್ಲೇ ಅದು ಸಿಲ್ವರ್ ಓಕ್ ಮರಕ್ಕೆ ಬಡಿಯಿತು. ದುರಸ್ತಿಯ ಖರ್ಚು ಯಾರದು ಎಂಬ ಜಗಳದಲ್ಲಿ ಇಬ್ಬರು ಸಂಘವನ್ನೇ ಬಿಟ್ಟರು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಸಂಘದ ಖಾತೆಯಲ್ಲಿ ಏಳೆಂಟು ಸಾವಿರವೂ ಇರಲಿಲ್ಲ. ಮನೆ, ಲೆನ್ಸು, ಕಂಪ್ಯೂಟರು ಎಲ್ಲ ಕಳೆದುಕೊಂಡ ನಮ್ಮವನೇ ಒಬ್ಬನಿಗಾಗಿ ಊರೂರು ಕೈಚಾಚಬೇಕಾಯಿತು. ಸಂಘವೆಂಬುದು ಇದ್ದೂ ಇಲ್ಲದಂತಾದ ಆ ದಿನಗಳು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಶುಲ್ಕ ಏರಿಸುವ ಹಟ ಹುಟ್ಟಿದ್ದು ಅಲ್ಲಿಂದ.

ನಾನು ಮಾಡಿದ್ದು ಇಷ್ಟು. ವಸೂಲಿಯನ್ನು ಮೇ ಕೊನೆಯ ವಾರಕ್ಕೆ ಸರಿಸಿ, ಲೆನ್ಸ್ ಶುಚಿ ಶಿಬಿರಕ್ಕೆ ಜೋಡಿಸಿದೆ. ಇಲ್ಲಿನ ಮಳೆಗಾಲದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯುವುದನ್ನು ನಮ್ಮವರಿಗೆ ವಿವರಿಸಬೇಕಿಲ್ಲ. ಬೆಂಗಳೂರಿನಿಂದ ತಂತ್ರಜ್ಞರೊಬ್ಬರನ್ನು ಮಡಿಕೇರಿಗೆ ಕರೆಸಿ, ಶುಲ್ಕ ಕಟ್ಟಿದವರಿಗೆ ಒಂದು ಲೆನ್ಸಿನ ಶುಚಿ ಉಚಿತ, ಉಳಿದವಕ್ಕೆ ಅರ್ಧ ದರ ಎಂದು ಸಾರಿದೆ. ತಂತ್ರಜ್ಞರಿಗೆ ಹದಿನೈದು ಸಾವಿರದಷ್ಟು ಹೋಗುತ್ತದೆ, ಅದರ ಬಹುಪಾಲು ಅಲ್ಲೇ ಹುಟ್ಟುತ್ತದೆ. ಮೊದಲ ವರ್ಷವೇ ನೂರರ ಹತ್ತಿರ ಸದಸ್ಯರು ಕಟ್ಟಿದರು, ಈಗ ನೂರಮೂವತ್ತು. ಜೊತೆಗೆ ಕ್ಯಾಮೆರಾ ಚೀಲದ ತೇವ ಹೀರುವ ಸಿಲಿಕಾ ಜೆಲ್ ಹರಳನ್ನು ಸಗಟಿನಲ್ಲಿ ತರಿಸಿ ಸದಸ್ಯರಿಗೇ ಮಾರಿದ್ದರಿಂದ ವರ್ಷಕ್ಕೆ ಮೂರು ನಾಲ್ಕು ಸಾವಿರ ಉಳಿಯುತ್ತಿದೆ. ನೀಲಿ ಹರಳಿನ ಬದಲು ಕಿತ್ತಳೆ ಹರಳು ತಂದು ನೋಡಿದೆ, ನಮ್ಮವರು ನೀಲಿಯನ್ನೇ ಕೇಳುತ್ತಾರೆ. ಎಲ್ಲಿಂದ ತರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಎರಡನೆಯದು ಪೈಸೆ. ಕ್ಯೂಆರ್ ಸಂಕೇತದ ಮೂಲಕ ಹಣ ಬರತೊಡಗಿದಾಗ ಯಾರದು ಎಂದು ತಿಳಿಯುತ್ತಿರಲಿಲ್ಲ. ಹೆಂಡತಿಯ ಮೊಬೈಲಿನಿಂದ ಕಳಿಸಿದವರು, ಸ್ಟುಡಿಯೊ ಹೆಸರಿನಲ್ಲಿ ಕಳಿಸಿದವರು, ಶ್ರೀಮಂಗಲದ ಮಳೆಯಲ್ಲಿ ನೆಟ್‌ವರ್ಕ್ ಸಿಗದೆ ನೆಂಟರಿಂದ ಕಟ್ಟಿಸಿದವರು. ಅದಕ್ಕೆ ಸದಸ್ಯ ಸಂಖ್ಯೆಯನ್ನೇ ಮೊತ್ತದೊಳಗೆ ಸೇರಿಸಿದೆ. ಸಂಖ್ಯೆ 47 ಆದರೆ 1,200 ರೂಪಾಯಿ 47 ಪೈಸೆ. 112 ಆದರೆ 1,201 ರೂಪಾಯಿ 12 ಪೈಸೆ. ಪಾಸ್ ಪುಸ್ತಕವೇ ಸದಸ್ಯರ ವಹಿಯಾಯಿತು. ಲೆಕ್ಕ ಪರಿಶೋಧಕರು ಮೊದಲು ಹುಬ್ಬೇರಿಸಿದರು, ಆಮೇಲೆ ತಮ್ಮ ಇನ್ನೊಂದು ಸಂಘಕ್ಕೂ ಇದನ್ನೇ ಸೂಚಿಸಿದರಂತೆ. ನನಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಡ.

ಬಂದ 1,200ರಲ್ಲಿ 400 ಕಚೇರಿ ಖರ್ಚಿಗೆ, 300 ಮಹಾಸಭೆಗೆ, 500 ಕಷ್ಟಕ್ಕೆ ಸಿಲುಕಿದ ಸದಸ್ಯರಿಗೆ ನೆರವಾಗುವ ಕಷ್ಟನಿಧಿಗೆ. ಕಷ್ಟನಿಧಿಗೆ ಬೇರೆಯೇ ಖಾತೆ. ವಸೂಲಿ ಮುಗಿದ ವಾರವೇ ವರ್ಗಾಯಿಸುತ್ತೇನೆ. ಒಂದೇ ಖಾತೆಯಲ್ಲಿದ್ದರೆ ಬಿರಿಯಾನಿಯ ಬಿಲ್ಲು ಕಷ್ಟನಿಧಿಯನ್ನು ತಿಂದುಬಿಡುತ್ತದೆ. ಛಾಯಾಗ್ರಹಣ ದಿನದ ಸಮಾರಂಭವನ್ನು ಮಹಾಸಭೆಯಿಂದ ಬಿಡಿಸಿದೆ. ಆಗಸ್ಟ್‌ನ ಮಳೆಯಲ್ಲಿ ಕುಟ್ಟದಿಂದಲೋ ಕೊಡ್ಲಿಪೇಟೆಯಿಂದಲೋ ಮಡಿಕೇರಿಗೆ ಬರುವವರೆಷ್ಟು? ನೂರೈವತ್ತು ಊಟ ಹೇಳಿ ಅರುವತ್ತು ಎಲೆ ಬಿದ್ದ ವರ್ಷವಿದೆ. ಈಗ ಆ ದಿನ ತಾಲ್ಲೂಕುಗಳಲ್ಲೇ ಚಹಾ, ಬಿಸ್ಕತ್ತು. ಮಹಾಸಭೆ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣಕ್ಕೆ ಮುಂಚೆ, ದಸರೆಯ ಕೆಲಸಗಳಿಲ್ಲದ ಒಂದು ದಿನ. ಸಭೆ ಮುಗಿದ ಹದಿನಾಲ್ಕು ದಿನಗಳೊಳಗೆ ಲೆಕ್ಕಪತ್ರವನ್ನೂ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕೆಂದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಹೇಳುತ್ತದೆ. ಹಿಂದೆ ಕೆಲವು ವರ್ಷ ಸಲ್ಲಿಸದೆ ಉಳಿಸಿಕೊಂಡು, ಎಲ್ಲಕ್ಕೂ ಒಟ್ಟಿಗೆ ದಂಡ ತೆತ್ತಿದ್ದೆವು.

ಕಷ್ಟನಿಧಿ ಈಗ ಮೂರು ಲಕ್ಷ ದಾಟಿದೆ, ಬಹುಪಾಲು ನಿಶ್ಚಿತ ಠೇವಣಿಯಲ್ಲಿದೆ. ಸದಸ್ಯರ ಹಣ ಸದಸ್ಯರಿಗೇ ಹೋಗುವುದರಿಂದ ತೆರಿಗೆಯ ಮಾತಿಲ್ಲ ಎಂದು ಕೆಲವರು ವಾದಿಸುತ್ತಾರೆ. ಬ್ಯಾಂಕ್ ಠೇವಣಿಯ ಬಡ್ಡಿಗೆ ಆ ವಾದ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಬೆಂಗಳೂರು ಕ್ಲಬ್ ಪ್ರಕರಣದಲ್ಲಿ ತೀರ್ಪಿತ್ತಿದೆ. ನಮ್ಮ ಬಡ್ಡಿ ಚಿಕ್ಕದು, ಆದರೂ ಆದಾಯದಲ್ಲಿ ಬೇರೆ ಸಾಲಾಗಿಯೇ ತೋರಿಸುತ್ತೇನೆ. ನಿಧಿಯಿಂದ ಒಬ್ಬರಿಗೆ ಒಮ್ಮೆಗೆ 25,000 ರೂಪಾಯಿಯ ಮಿತಿ. ತುರ್ತಾಗಿ ಬೇಕೆಂದರೆ ಅಧ್ಯಕ್ಷರೂ ನಾನೂ ಸಹಿ ಹಾಕಿದ ಚೆಕ್ ಮರುದಿನವೇ ಕೈಸೇರುತ್ತದೆ, ಸಮಿತಿಯ ಒಪ್ಪಿಗೆ ಆಮೇಲೆ. ಕಳೆದ ಮಳೆಗಾಲದಲ್ಲಿ ಹಾಗೆ ಎರಡು ಚೆಕ್ ಕೊಟ್ಟಿದ್ದೇವೆ.