ಫೈಲ್ ಅಲ್ಲೇ ಇತ್ತು, ಪ್ರೋಗ್ರಾಂ ಬೇರೆ ಕಡೆ ನಿಂತಿತ್ತು

ಪೈಚಾರ್ಮ್ ಅನ್ನುವ ಕೋಡ್ ಎಡಿಟರ್‌ನಲ್ಲಿ ತಕರಾರಿಲ್ಲದೆ ಓಡುತ್ತಿದ್ದ ಪೈಥಾನ್ ಸ್ಕ್ರಿಪ್ಟ್ ಅದು. ಒಂದು ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಬೇರೆ ಮಾಡಿದ ಮಾಹಿತಿಯ ಪಟ್ಟಿ) ಓದಿ, ಲೆಕ್ಕ ಹಾಕಿ, ಇನ್ನೊಂದು ಫೈಲ್‌ಗೆ ಬರೆಯುತ್ತಿತ್ತು. ಇನ್ನೊಂದು ಎಡಿಟರ್ ಆದ ವಿಎಸ್ ಕೋಡ್‌ಗೆ ಬಂದು ರನ್ ಒತ್ತಿದೆ. ‘ಫೈಲ್ ನಾಟ್ ಫೌಂಡ್’. ಫೈಲ್ ಕಣ್ಣೆದುರೇ ಇದೆ, ಸ್ಕ್ರಿಪ್ಟ್‌ನ ಪಕ್ಕದಲ್ಲೇ!

ಸ್ಪೆಲ್ಲಿಂಗ್ ಮೂರು ಸಲ ನೋಡಿದೆ. ಫೈಲ್‌ನ ಹೆಸರು ಬದಲಾಯಿಸಿದೆ. ಎಕ್ಸ್‌ಟೆನ್ಷನ್ ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದೆ. ಇದೆಲ್ಲ ಒಂದು ಸಂಜೆ ನುಂಗಿತು. ಕೊನೆಗೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಪ್ರೋಗ್ರಾಂ ಈಗ ಯಾವ ಫೋಲ್ಡರ್‌ನಲ್ಲಿ ನಿಂತಿದೆ ಅಂತ ಪ್ರಿಂಟ್ ಮಾಡಿಸಿದೆ. ಪೈಥಾನ್‌ನ ಓಎಸ್ ಮಾಡ್ಯೂಲ್‌ನಲ್ಲಿ ಅದಕ್ಕೊಂದು ಫಂಕ್ಷನ್ ಇದೆ, ಒಂದೇ ಸಾಲು. ಉತ್ತರ ಬಂತು: ಸ್ಕ್ರಿಪ್ಟ್ ಇರುವ ಫೋಲ್ಡರ್ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು.

ಬರಿ ಹೆಸರು ಕೊಟ್ಟು ಫೈಲ್ ತೆರೆಯಿರಿ ಅಂದರೆ, ಪ್ರೋಗ್ರಾಂ ಹುಡುಕುವುದು ವರ್ಕಿಂಗ್ ಡೈರೆಕ್ಟರಿಯಲ್ಲಿ, ಅಂದರೆ ಅದು ಆಗ ನಿಂತಿರುವ ಫೋಲ್ಡರ್‌ನಲ್ಲಿ. ಸ್ಕ್ರಿಪ್ಟ್ ಎಲ್ಲಿದೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಪೈಚಾರ್ಮ್ ಸಾಮಾನ್ಯವಾಗಿ ಸ್ಕ್ರಿಪ್ಟ್‌ನ ಫೋಲ್ಡರನ್ನೇ ವರ್ಕಿಂಗ್ ಡೈರೆಕ್ಟರಿ ಮಾಡುತ್ತದೆ. ವಿಎಸ್ ಕೋಡ್ ಟರ್ಮಿನಲ್‌ನಲ್ಲಿ ಓಡಿಸುವಾಗ ನಾವು ತೆರೆದ ಒಟ್ಟು ಫೋಲ್ಡರ್‌ನಿಂದ ಶುರು ಮಾಡುತ್ತದೆ. ಎರಡೂ ಸರಿಯೇ. ನಾನು ಒಂದನ್ನು ನಂಬಿ ಕೂತಿದ್ದೆ, ಅಷ್ಟೆ.

ವಿಎಸ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಟರ್ಮಿನಲ್ ಎಕ್ಸಿಕ್ಯೂಟ್ ಇನ್ ಫೈಲ್ ಡಿರ್’ ಟಿಕ್ ಮಾಡಿದರೆ ಕೆಲಸ ಆಗುತ್ತದೆ. ಆದರೆ ನಾಳೆ ಇನ್ನೊಬ್ಬರ ಕಂಪ್ಯೂಟರ್‌ನಲ್ಲಿ ಮತ್ತದೇ ರಗಳೆ, ಅಲ್ವಾ? ಅದಕ್ಕೇ ಕೋಡ್‌ನಲ್ಲೇ ಸರಿ ಮಾಡಿದೆ. ಫೈಲ್ ವಿಳಾಸಗಳನ್ನು ನಿಭಾಯಿಸುವ ಪೈಥಾನ್‌ನ ಪಾಥ್‌ಲಿಬ್ ಮಾಡ್ಯೂಲ್ ಬಳಸಿ, ಸ್ಕ್ರಿಪ್ಟ್‌ನ ಸ್ವಂತ ವಿಳಾಸದಿಂದ ಅದರ ಫೋಲ್ಡರ್ ತೆಗೆದು, ಅದಕ್ಕೆ ಫೈಲ್ ಹೆಸರು ಸೇರಿಸಿದೆ. ಆಮೇಲೆ ಯಾವ ಎಡಿಟರ್‌ನಿಂದ ಓಡಿಸಿದರೂ ಒಂದೇ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಎರಡು ದಿನ ಬಿಟ್ಟು ನೋಡಿದರೆ ಮೇಲಿನ ಫೋಲ್ಡರ್‌ನಲ್ಲಿ ನನ್ನದೇ ಇನ್ನೊಂದು ಸ್ಕ್ರಿಪ್ಟ್ ಬರೆದ ಲಾಗ್ ಫೈಲ್ ಕೂತಿದೆ. ಓದುವಾಗ ಫೈಲ್ ಸಿಗದಿದ್ದರೆ ಎರರ್ ಬರುತ್ತದೆ. ಬರೆಯುವಾಗ ಹಾಗಲ್ಲ, ತಪ್ಪು ಜಾಗದಲ್ಲೇ ಹೊಸ ಫೈಲ್ ಮಾಡಿ ಸದ್ದಿಲ್ಲದೆ ಮುಗಿಸಿಬಿಡುತ್ತದೆ. ನಾನು ಹಳೆಯ ಲಾಗ್ ನೋಡಿಕೊಂಡು ‘ಏನೂ ಅಪ್‌ಡೇಟ್ ಆಗ್ತಿಲ್ಲ’ ಅಂತ ತಲೆ ಕೆರೆದುಕೊಳ್ಳುತ್ತಿದ್ದೆ.

ಸಿ ಪ್ಲಸ್ ಪ್ಲಸ್‌ನಲ್ಲಿ ಓದುವಾಗಲೂ ಇದೇ ಮೌನ. ಫೈಲ್ ತೆರೆಯದಿದ್ದರೂ ಸ್ಟ್ರೀಮ್ ಏನೂ ಹೇಳುವುದಿಲ್ಲ, ನಾವೇ ಇಫ್ ಹಾಕಿ ಕೇಳಬೇಕು. ಇಲ್ಲೂ ಒಂದೊಂದು ಎಡಿಟರ್‌ಗೆ ಒಂದೊಂದು ಜಾಗ: ವಿಷುಯಲ್ ಸ್ಟುಡಿಯೋದಿಂದ ಓಡಿಸಿದರೆ ಸಾಮಾನ್ಯವಾಗಿ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಹುಡುಕುತ್ತದೆ, ಸಿಲಯನ್‌ನಿಂದ ಓಡಿಸಿದರೆ ಬಿಲ್ಡ್ ಆದ ಫೋಲ್ಡರ್‌ನಲ್ಲಿ.

ಇನ್ನೊಂದು ತರಲೆ ಬೇರೆ ಜಾತಿಯದು. ಲಿನಕ್ಸ್‌ನಲ್ಲಿ ಸರಿಯಿದ್ದ ಕನ್ನಡ ಫೈಲ್ ವಿಂಡೋಸ್‌ನಲ್ಲಿ ತೆರೆಯಿತು, ಆದರೆ ಓದುವಾಗ ಯೂನಿಕೋಡ್ ಡಿಕೋಡ್ ಎರರ್. ತಮಾಷೆ ಏನಂದರೆ, ‘ಮನೆ’ ಅಂತ ಮಾತ್ರ ಇದ್ದ ಫೈಲ್‌ನಲ್ಲಿ ಎರರ್ ಇಲ್ಲ, ಬರಿ ಕಸದಂಥ ಅಕ್ಷರ. ‘ಅಕ್ಕ’ ಬಂದ ಕೂಡಲೇ ಎರರ್. ಒತ್ತಕ್ಷರದೊಳಗಿನ ಹಲಂತ ಚಿಹ್ನೆಯ (್) ಕೊನೆಯ ಬೈಟ್‌ಗೆ ವಿಂಡೋಸ್ ಬಳಸಿದ 1252 ಕೋಡ್ ಪೇಜ್‌ನಲ್ಲಿ (ಯಾವ ಬೈಟ್‌ಗೆ ಯಾವ ಅಕ್ಷರ ಅನ್ನುವ ಪಟ್ಟಿ) ಅಕ್ಷರವೇ ಇಲ್ಲ. ತೆರೆಯುವಾಗಲೇ ಎನ್‌ಕೋಡಿಂಗ್ (ಬೈಟ್‌ಗಳನ್ನು ಅಕ್ಷರವಾಗಿ ಓದುವ ರೀತಿ) ಯುಟಿಎಫ್-8 ಅಂತ ಬರೆದೆ, ಅಕ್ಕ ಸರಿಯಾಗಿ ಕಾಣಿಸಿದಳು.