ಮಳೆಗೆ ಹೆದರದ ಸ್ಪೀಡ್‌ಸ್ಟರ್ ರೆಪ್ಲಿಕಾ ಹುಡುಕಿದ್ದು: ನನ್ನ ಅನುಭವ

ಮಳೆ ಬೀಳುವ ಕಡೆ ಇದ್ದುಕೊಂಡು ಓಪನ್ ಕಾರು ಯಾಕೆ ಅಂತ ಕೇಳದವರಿಲ್ಲ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಪೋರ್ಷೆ 356 ಸ್ಪೀಡ್‌ಸ್ಟರ್ ಅನ್ನುವ ಹಳೇ ಓಪನ್ ಕಾರು ಅಂದರೆ ಚಿಕ್ಕಂದಿನಿಂದ ಹುಚ್ಚು, ಅಷ್ಟೇ. ಅಸಲಿ ಕಾರು ಈ ಜನ್ಮದಲ್ಲಿ ಕೈಗೆ ಸಿಗುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ರೆಪ್ಲಿಕಾ, ಅಂದರೆ ಅದರ ನಕಲು. ಮೇಲೆ ಫೈಬರ್ ಬಾಡಿ, ಕೆಳಗೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಫ್ಲೋರ್‌ಪ್ಯಾನ್ (ಕಾರಿನ ಕಬ್ಬಿಣದ ತಳ), ಹಿಂದೆ ಅದೇ ಬೀಟಲ್‌ನ ಏರ್‌ಕೂಲ್ಡ್ ಎಂಜಿನ್.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇದರ ಅಸಲಿಯೇ ಮಳೆಗೆ ಅಂತ ಮಾಡಿದ್ದಲ್ಲ. 1954ರಲ್ಲಿ ಅಮೆರಿಕಕ್ಕೆ ಪೋರ್ಷೆ ತರಿಸುತ್ತಿದ್ದ ಮ್ಯಾಕ್ಸ್ ಹಾಫ್‌ಮನ್, ಕಡಿಮೆ ಬೆಲೆಯ ಮಾಡೆಲ್ ಒಂದು ಬೇಕೇ ಬೇಕು ಅಂತ ಕಂಪನಿಯ ಬೆನ್ನು ಬಿದ್ದ. ಕಂಪನಿಯವರು ಮುಂದಿನ ಗಾಜನ್ನು ಗಿಡ್ಡ ಮಾಡಿದರು, ಬಾಗಿಲಿನ ಗಾಜನ್ನು ತೆಗೆದೇ ಹಾಕಿದರು, ಮೇಲೆ ತೆಳುವಾದ ಬಟ್ಟೆ ಟಾಪ್ ಹೊದಿಸಿದರು. ಬಾಗಿಲಿಗೆ ಬೇಕಾದಾಗ ಸಿಕ್ಕಿಸುವ ಸೈಡ್ ಕರ್ಟನ್, ಅದರಲ್ಲಿ ಪ್ಲಾಸ್ಟಿಕ್ ಕಿಟಕಿ. ಕ್ಯಾಲಿಫೋರ್ನಿಯಾದ ಬಿಸಿಲಿಗೆ ಅಷ್ಟು ಸಾಕಿತ್ತು. ರೆಪ್ಲಿಕಾ ಮಾಡುವವರು ಈ ಕೊರತೆಗಳನ್ನೂ ಬಿಡದೆ ನಕಲು ಮಾಡುತ್ತಾರೆ. ಅಂದಮೇಲೆ ನೀರು ಒಳಗೆ ಬಂದೇ ಬರುತ್ತದೆ. ಕಾರು ನೋಡಲು ಹೋದಾಗ ನಾನು ಹುಡುಕಿದ್ದು, ಬಂದ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಅನ್ನುವುದನ್ನು.

ಹಾಗಂತ ಮೊದಲನೇ ದಿನವೇ ಇಷ್ಟು ಬುದ್ಧಿ ಇತ್ತು ಅಂದುಕೊಳ್ಳಬೇಡಿ. ಮೊದಲು ನೋಡಿದ ಕಾರು ಬೆಳ್ಳಿ ಬಣ್ಣದ್ದು, ಕನ್ನಡಿ ಹಾಗೆ ಹೊಳೆಯುತ್ತಿತ್ತು. ಅಡ್ವಾನ್ಸ್ ಕೊಡಲು ತಯಾರಾಗಿಯೇ ಹೋಗಿದ್ದೆ. ಒಳಗೆ ಕೂತರೆ ಹಳೇ ಗೋಣಿಚೀಲದ ವಾಸನೆ. ಕಾರ್ಪೆಟ್ ಮುಟ್ಟಿ ನೋಡಿದೆ, ಒಣಗಿತ್ತು. ಆದರೂ ಮನಸ್ಸು ತಡೆಯದೆ ಮೂಲೆ ಹಿಡಿದು ಎತ್ತಿ, ಕೆಳಗಿದ್ದ ಫೋಮ್ ಮೇಲೆ ಹೆಬ್ಬೆರಳು ಒತ್ತಿದೆ. ಉಗುರಿನ ಸುತ್ತ ಕಂದು ನೀರು ಬಂದು ನಿಂತಿತು. "ನಿನ್ನೆ ತಾನೇ ತೊಳೆಸಿದ್ದು ಸಾರ್" ಅಂದರು ಮಾರುವವರು. ಸೀಟಿನ ಹಿಂದೆ ಬ್ಯಾಟರಿ ಕೂರುವ ಜಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಟಣ್ ಅನ್ನಬೇಕಾದ ತಗಡು ಡಬ್ ಅಂದಿತು. ಇನ್ನೊಂದು ಸಲ ತಟ್ಟಿದ್ದರೆ ಕೆಳಗಿನ ನೆಲ ಕಾಣಿಸುತ್ತಿತ್ತೇನೋ.

ಫೈಬರ್ ಬಾಡಿಗೆ ತುಕ್ಕು ಹಿಡಿಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅರ್ಧ ನಿಜ. ಕೆಳಗಿರುವುದು ಕಬ್ಬಿಣವೇ ಅಲ್ವಾ. ಮೇಲಿನ ಫೈಬರ್ ಹೊಳೆಯುತ್ತಲೇ ಇರುತ್ತದೆ, ಅಡಿಯಲ್ಲಿ ಪ್ಯಾನ್ ಸದ್ದಿಲ್ಲದೆ ತಿಂದುಹೋಗಿರುತ್ತದೆ. ಮಾಮೂಲಿ ಕಾರಾದರೆ ಬಾಗಿಲಂಚಿನಲ್ಲಿ ಪೇಂಟ್ ಉಬ್ಬಿ ಸುಳಿವು ಕೊಡುತ್ತದೆ, ಇದರಲ್ಲಿ ಆ ಸುಳಿವೂ ಇಲ್ಲ. ಬೀಟಲ್‌ನ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕಿರುವ ದೂರ, 2400 ಮಿಮೀ, 356ರದ್ದು 2100. ಉದ್ದ ಹೊಂದಿಸಲು ಪ್ಯಾನನ್ನು ಮಧ್ಯೆ ಹತ್ತಿರ ಹತ್ತಿರ ಒಂದಡಿ ಕತ್ತರಿಸಿ ವೆಲ್ಡ್ ಮಾಡಿರುತ್ತಾರೆ. ಆ ಜೋಡಣೆಯನ್ನು ಮಲಗಿ, ಟಾರ್ಚ್ ಹಾಕಿ ನೋಡಲೇಬೇಕು. ಈಗಷ್ಟೇ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದರೆ ನಾನಂತೂ ವಾಪಸ್ ಬರುತ್ತೇನೆ.

ಆಮೇಲೆ ನೋಡಿದ ಎರಡು ಕಾರುಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಕೊನೆಗೆ ಕೊಂಡಿದ್ದು ನಾಲ್ಕನೆಯದು. ಬಣ್ಣ ಮಾಸಿತ್ತು, ಫೈಬರ್‌ನ ಹೊರಪದರವಾದ ಜೆಲ್‌ಕೋಟ್ ಮೇಲೆ ಎರಡು ಕಡೆ ನಕ್ಷತ್ರದ ಹಾಗೆ ಬಿರುಕು. ಆದರೆ ಕಟ್ಟಿದವರು ವೆಲ್ಡಿಂಗ್ ಮಾಡಿದ ದಿನದಿಂದ ಫೋಟೋ ಇಟ್ಟಿದ್ದರು, ತುಕ್ಕು ಹಿಡಿಯದಂತೆ ಟೊಳ್ಳು ಭಾಗಗಳ ಒಳಗೆಲ್ಲ ವ್ಯಾಕ್ಸ್ ಹೊಡೆಸಿದ್ದರು. ಹಿಂದಿನ ಸೀಟಿನ ಜಾಗದಲ್ಲಿ, ನಡುವಿನ ಟನಲ್ (ನೆಲದ ಮಧ್ಯೆ ಉದ್ದಕ್ಕೆ ಉಬ್ಬಿದ ಭಾಗ) ಮೇಲೆ ಒತ್ತಿದ ಚಾಸಿಸ್ ನಂಬರ್ ರಿಜಿಸ್ಟ್ರೇಷನ್ ಕಾಗದದ ಜೊತೆ ಹೊಂದುತ್ತಿತ್ತು. ಕಾಗದದಲ್ಲಿ ಅದು ಇನ್ನೂ ಬೀಟಲ್ಲೇ ಆಗಿದ್ದರೆ ಇನ್ಶೂರೆನ್ಸ್‌ನವರಿಗೆ ಕೊಳ್ಳುವ ಮೊದಲೇ ರೆಪ್ಲಿಕಾ ಅಂತ ಬಾಯಿಬಿಟ್ಟು ಹೇಳಿ. ಆಮೇಲೆ ಅವರೇ ಕಂಡುಹಿಡಿಯುವುದು ಬೇಡ.

"ನೀರು ಹಾಕಿ ನೋಡಬಹುದಾ?" ಅಂತ ಕೇಳಿದೆ. ಅವರು ನಕ್ಕು ಪೈಪ್ ತಂದುಕೊಟ್ಟರು. ಆ ನಗು ನೋಡಿಯೇ ನನಗೆ ಅರ್ಧ ಧೈರ್ಯ ಬಂತು. ಟಾಪ್ ಏರಿಸಿ, ಸೈಡ್ ಕರ್ಟನ್ ಸಿಕ್ಕಿಸಿ, ನೆಲಕ್ಕೂ ಸೀಟಿಗೂ ಹಳೇ ಪೇಪರ್ ಹಾಸಿ ಒಳಗೆ ಕೂತೆ. ಗೆಳೆಯ ಹೊರಗಿಂದ ಹತ್ತು ನಿಮಿಷ ನೀರು ಬಿಟ್ಟ. ಪೇಪರ್ ಸುಳ್ಳು ಹೇಳುವುದಿಲ್ಲ, ಒದ್ದೆಯಾದ ಕಡೆ ಕಪ್ಪಗಾಗುತ್ತದೆ. ಗಾಜಿನ ಫ್ರೇಮಿಗೆ ಟಾಪ್ ಕೂರುವ ಮೂಲೆಯಿಂದ ಒಂದೊಂದೇ ಹನಿ, ಸರಿಯಾಗಿ ನನ್ನ ಬಲ ಮೊಣಕಾಲಿಗೆ. ಸೈಡ್ ಕರ್ಟನ್‌ನ ಹಿಂಬದಿಯಿಂದ ಸ್ವಲ್ಪ ಜಾಸ್ತಿ. ಪ್ಯಾನ್‌ನ ಮೂಲೆಗಳಲ್ಲಿ ರಬ್ಬರ್ ಬಿರಡೆ ಹಾಕಿದ ತೂತುಗಳಿದ್ದವು. ಬಿರಡೆ ತೆಗೆದದ್ದೇ ತಡ, ನಿಂತ ನೀರೆಲ್ಲ ಕೆಳಗೆ ಹೋಯಿತು. ಅಲ್ಲೇ ವ್ಯವಹಾರ ಮುಗಿಸಿದೆ.

ತಂದ ಮೇಲೆ ಮೊದಲು ಮಾಡಿದ ಕೆಲಸ, ಕಾರ್ಪೆಟ್ ಮತ್ತು ಫೋಮ್ ಕಿತ್ತು ಬಿಸಾಡಿ ರಬ್ಬರ್ ಮ್ಯಾಟ್ ಹಾಕಿದ್ದು. ನೋಡಲು ಸ್ವಲ್ಪ ಬಡಕಲು, ಇರಲಿ ಬಿಡಿ.

ನಿಜವಾಗಿ ತಲೆ ಕೆಡಿಸಿದ್ದು ಮಂಜು ಕಟ್ಟುವ ಗಾಜು. ಮಳೆಯಲ್ಲಿ ಟಾಪ್ ಏರಿಸಿ ಇಬ್ಬರು ಕೂತರೆ ಐದು ನಿಮಿಷಕ್ಕೆ ಎದುರು ಏನೂ ಕಾಣುವುದಿಲ್ಲ. ಬೀಟಲ್‌ನಲ್ಲಿ ಸೈಲೆನ್ಸರ್ ಕಡೆ, ಹೊಗೆ ಕೊಳವೆಯ ಬಿಸಿಯಿಂದ ಗಾಳಿ ಕಾಯಿಸುವ ಹೀಟ್ ಎಕ್ಸ್‌ಚೇಂಜರ್ ಇರುತ್ತದೆ, ಅಲ್ಲಿಂದ ಬಿಸಿಗಾಳಿ ಬಾಡಿಯ ಅಂಚಿನ ಕೊಳವೆಗಳ ಮೂಲಕ ಗಾಜಿಗೆ ಬರುತ್ತದೆ. ರೆಪ್ಲಿಕಾ ಕಟ್ಟುವವರಲ್ಲಿ ಎಷ್ಟೋ ಜನ ಹೀಟರ್ ಯಾರಿಗೆ ಬೇಕು ಅಂತ ಅದನ್ನೆಲ್ಲ ತೆಗೆದು ಸದ್ದು ಮಾಡುವ ಪೈಪ್ ಹಾಕಿಬಿಡುತ್ತಾರೆ. ನನ್ನದರಲ್ಲೂ ಹಾಗೇ ಆಗಿತ್ತು. 12 ವೋಲ್ಟಿನ ಚಿಕ್ಕ ಎಲೆಕ್ಟ್ರಿಕ್ ಹೀಟರ್ ಹಾಕಿ ನೋಡಿದೆ, ಗಾಜಿಗೆ ಬಾಯಿಂದ ಊದಿದಷ್ಟು ಉಪಯೋಗ. ಕೊನೆಗೆ ಹೀಟ್ ಎಕ್ಸ್‌ಚೇಂಜರ್‌ಗಳನ್ನೇ ವಾಪಸ್ ಹಾಕಿಸಿ, ಹೋಸ್ ಎಳೆದು ಡ್ಯಾಶ್‌ಬೋರ್ಡ್ ಕೆಳಗೆ ಬಿಟ್ಟೆವು. ಹಳೆಯದು ಹಾಕುವವರು ಅದರಲ್ಲಿ ತೂತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಹೊಗೆ ನೇರವಾಗಿ ನಿಮ್ಮ ಮೂಗಿಗೆ. ಆ ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ.

ಕರೆಂಟಿನ ತಮಾಷೆ ಬೇರೆ. ವೈಪರ್ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು, ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳು ಕುಣಿಯುತ್ತಿತ್ತು. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಪ್ರತಿಯೊಂದು ಲೈಟಿಗೂ ಬೇರೆ ಅರ್ಥ್ ವೈರ್ ಬೇಕು. ಆ ವೈರ್‌ಗಳೆಲ್ಲ ಒಂದೇ ಬೋಲ್ಟಿಗೆ ಬಂದು ಸೇರಿದ್ದವು, ಆ ಬೋಲ್ಟ್ ಹಸಿರು ಬಣ್ಣಕ್ಕೆ ತಿರುಗಿತ್ತು. ಉಜ್ಜಿ, ಹೊಸ ಲಗ್ ಹಾಕಿ, ಮೇಲೆ ಗ್ರೀಸ್ ಸವರಿದೆ. ಅರ್ಧ ಗಂಟೆಯ ಕೆಲಸ.

ಟೈರ್ ವಿಷಯದಲ್ಲಿ ಮಾತ್ರ ನಾನು ಮೋಸ ಹೋದೆ, ಅದೂ ನನ್ನಿಂದಲೇ. ಮೇಲಿನ ಗೀರುಗಳು ಸವೆದಿಲ್ಲ ಅಂತ ಖುಷಿಪಟ್ಟೆ, ಪಕ್ಕದಲ್ಲಿರುವ ನಾಲ್ಕು ಅಂಕಿ ಓದಲಿಲ್ಲ. ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ವರ್ಷ. ನನ್ನವಕ್ಕೆ ಹನ್ನೊಂದು ವರ್ಷ ತುಂಬಿತ್ತು, ರಬ್ಬರ್ ಹೋಗಿ ಮರವಾಗಿತ್ತು. ಮೊದಲ ಮಳೆಯಲ್ಲಿ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟೆ, ಎಂಜಿನ್ ಭಾರ ಹಿಂದಿರುವುದರಿಂದ ಬಾಲ ಮುಂದಕ್ಕೆ ಬರಲು ಹೊರಟಿತು. ಎಬಿಎಸ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ, ಇದ್ದದ್ದು ನಾನು ಮತ್ತು ನನ್ನ ಎದೆಬಡಿತ. ರಸ್ತೆ ಖಾಲಿ ಇತ್ತು, ಬದುಕಿದೆ. ಮಾರನೇ ದಿನವೇ ನಾಲ್ಕೂ ಹೊಸ ಟೈರ್.

ಟಾಪ್ ಒದ್ದೆ ಇದ್ದಾಗ ಮಡಚಬೇಡಿ. ಬೂಷ್ಟು ಹಿಡಿಯುತ್ತದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಮಡಿಕೆ ಬೆಳ್ಳಗಾಗಿ ಹಾಗೇ ಉಳಿಯುತ್ತದೆ. ನಿಲ್ಲಿಸುವಾಗ ಪ್ಲಾಸ್ಟಿಕ್ ಶೀಟ್ ಹೊದಿಸುವುದೂ ಬೇಡ, ಒಳಗಿನ ತೇವ ಒಳಗೇ ಕೂತು ಬೇಯುತ್ತದೆ. ಗಾಳಿಯಾಡುವ ಬಟ್ಟೆ ಕವರ್ ಸಾಕು.

ಇಷ್ಟೆಲ್ಲ ಆಗಿಯೂ ತುಂತುರು ಮಳೆಗೆ ನಾನು ಟಾಪ್ ಏರಿಸುವುದೇ ಇಲ್ಲ. ಸ್ವಲ್ಪ ಸ್ಪೀಡ್‌ನಲ್ಲಿದ್ದರೆ ಹನಿಗಳು ಗಾಜಿನ ಮೇಲಿಂದ ತಲೆ ದಾಟಿ ಹಿಂದಕ್ಕೆ ಹೋಗುತ್ತವೆ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಲೆಕ್ಕ ಚುಕ್ತಾ, ಪಕ್ಕದ ಕಾರಿನವರು ಗಾಜಿನೊಳಗಿಂದ ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಾರೆ. ಜೋರು ಮಳೆಗೆ ಟಾಪ್ ಹಾಕುತ್ತೇನೆ. ಆ ಮೂಲೆಯ ಬೀಡಿಂಗ್ ಮೂರು ಸಲ ಬದಲಾಯಿಸಿ ಆಯಿತು. ಹನಿ ಈಗಲೂ ಬಲ ಮೊಣಕಾಲಿಗೇ ಬೀಳುತ್ತದೆ, ಅಲ್ಲೊಂದು ಟವೆಲ್ ಹಾಸಿಕೊಂಡು ಓಡಿಸುತ್ತೇನೆ.